ಒಂಟಿ ಕೈಗವಸು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಶರತ್ಕಾಲದ ಜಾತ್ರೆ 1471ರಿಂದ ನಡೆದುಬಂದದ್ದು. ಅಕ್ಟೋಬರ್ ಕೊನೆಯ ಹೊತ್ತಿನ ಒಂದು ಶನಿವಾರ ಮಧ್ಯಾಹ್ನ 12ಕ್ಕೆ ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರೆ ಜಾತ್ರೆ ಶುರು. ಅಲ್ಲಿರುವ ಅಕ್ಕನ ಮಕ್ಕಳಿಬ್ಬರನ್ನು ಕರೆದುಕೊಂಡು ಹೋಗಿದ್ದೆ. ಜೈಂಟ್ ವೀಲ್ ಹತ್ತಿದೆವು, ಬಿಸಿಬಿಸಿ ಹುರಿದ ಚೆಸ್ಟ್‌ನಟ್ ತಿಂದೆವು.

ನನಗೆ ಹಿಡಿಸಿದ್ದು ಗಂಟೆ ಬಾರಿಸುವವರ ಸಂಬಳದ ಕಥೆ. ಅವರಿಗೆ ಕೊಡುವುದು ಒಂದು ಜೊತೆ ಕೈಗವಸು. ಮೊದಲ ದಿನ ಸಿಗುವುದು ಒಂದೇ! ಇನ್ನೊಂದು, ಜಾತ್ರೆ ಮುಗಿಯುವ ಗಂಟೆ ಬಾರಿಸಿದ ಮೇಲೆ.

‘ಮಾಮ, ಇನ್ನೊಂದು ಕೈಗೆ ಚಳಿ ಆಗಲ್ವಾ?’ ಎಂದ ಚಿಕ್ಕವನು.

‘ಅದಕ್ಕೇ ಮತ್ತೆ ಬರ್ತಾರೆ ಕಣೋ’ ಎಂದಳು ದೊಡ್ಡವಳು.

ಹುರುಪಿನಿಂದ ಸೇರಿ ಅರ್ಧಕ್ಕೇ ಬಿಡುವ ಕೋರ್ಸು, ಪರೀಕ್ಷೆಯ ತಯಾರಿ ಎಲ್ಲವೂ ಒಂಟಿ ಕೈಗವಸೇ. ಕೈಯಲ್ಲಿದ್ದರೂ ಚಳಿ ತಡೆಯದು. ಕೊನೆಯ ಗಂಟೆಯನ್ನೂ ನಾವೇ ಬಾರಿಸಬೇಕು.