ಮುಂಗೈ ಮೇಲಿನ ಪರೀಕ್ಷೆ

ಅಸ್ಥಿಮಜ್ಜೆ ಕಸಿಯಾದ ಮೂರ್ನಾಲ್ಕು ವಾರಕ್ಕೆ ರಕ್ತದ ವರದಿಯಲ್ಲಿ ಬಿಳಿ ರಕ್ತಕಣಗಳು ಏರತೊಡಗುತ್ತವೆ. ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕಣಗಳು ಎಷ್ಟಿವೆ ಎನ್ನುವುದು ಒಂದು ಮಾತು, ಅವು ಕೆಲಸಕ್ಕೆ ಬರುತ್ತವೆಯೇ ಎನ್ನುವುದು ಬೇರೆಯೇ ಮಾತು. ಈ ಎರಡನೆಯದನ್ನು ಅಮೆರಿಕದ ಸಿಯಾಟಲ್‌ನ ವೈದ್ಯರು 1970ರ ದಶಕದಲ್ಲಿ ರೋಗಿಯ ಚರ್ಮದ ಮೇಲೆಯೇ ಪರೀಕ್ಷಿಸಿ ನೋಡಿದರು. ಮಜ್ಜೆ ಕಸಿಗೆ ದಾರಿ ಮಾಡಿ 1990ರಲ್ಲಿ ನೊಬೆಲ್ ಪಡೆದ ಡಾ. ಇ. ಡೊನಾಲ್ ಥಾಮಸ್ ಅವರ ತಂಡ ಅಲ್ಲಿಯದೇ.

ಪರೀಕ್ಷೆಗೆ ಬಳಸುತ್ತಿದ್ದುದು ಡಿಎನ್‌ಸಿಬಿ ಎಂಬ ರಾಸಾಯನಿಕ. ಅಸಿಟೋನ್‌ನಲ್ಲಿ ಕರಗಿಸಿದ ಅದರ ಒಂದಿಷ್ಟನ್ನು ಮುಂಗೈಗೆ ಹಚ್ಚುತ್ತಿದ್ದರು. ಅಸಿಟೋನ್ ಕ್ಷಣದಲ್ಲಿ ಆರಿಹೋಗುತ್ತದೆ, ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ದುಗ್ಧಗ್ರಂಥಿಗೆ ಒಯ್ದು, ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕೋಶಗಳಿಗೆ ಪರಿಚಯಿಸುತ್ತವೆ. ಎರಡು ವಾರ ಬಿಟ್ಟು ಮತ್ತೆ ಹಚ್ಚುವುದು, ಈ ಸಲ ತೀರಾ ಕಡಿಮೆ. 48 ಗಂಟೆಯೊಳಗೆ ಆ ಜಾಗ ಕೆಂಪಗಾಗಿ, ಊದಿ, ತುರಿಸತೊಡಗಿದರೆ ಟಿ ಕೋಶಗಳು ಗುರುತು ಹಿಡಿದವು ಎಂದರ್ಥ. ಬೇರೆಯವರು ಮುಲಾಮು ಹುಡುಕುವ ತುರಿಕೆ ಇಲ್ಲಿ ಶುಭಸಮಾಚಾರ.

ಟಿಬಿಗೆ ಮಾಡುವ ಮಾಂಟೂ ಪರೀಕ್ಷೆಯನ್ನೇ ಮಾಡಿದರಾಗದೇ ಎಂದು ಕೇಳಬಹುದು. ಮಾಂಟೂ ನೋಡುವುದು ಹಳೆಯ ನೆನಪನ್ನು. ಕಸಿಯಾದವರಲ್ಲಿ ಆ ನೆನಪು ದಾನಿಯ ಕೋಶಗಳ ಜೊತೆಗೇ ಬಂದಿರಬಹುದು; ಕೈ ಊದಿದ ಮಾತ್ರಕ್ಕೆ ಹೊಸ ರೋಗಾಣು ಎದುರಾದಾಗ ದೇಹ ನಿಭಾಯಿಸುತ್ತದೆಂಬ ಭರವಸೆಯಿಲ್ಲ. ಡಿಎನ್‌ಸಿಬಿ ಪ್ರಯೋಗಾಲಯದಲ್ಲಿ ತಯಾರಾದ ವಸ್ತು, ಸಾಮಾನ್ಯವಾಗಿ ಯಾರ ದೇಹವೂ ಅದನ್ನು ಮೊದಲು ಕಂಡಿರುವುದಿಲ್ಲ. ಹಾಗಾಗಿ ಅದಕ್ಕೆ ಚರ್ಮ ಸ್ಪಂದಿಸಿತೆಂದರೆ ಹೊಸದಾಗಿ ಕಲಿಯುವ ಶಕ್ತಿ ಬಂದಿದೆಯೆಂದೇ ಲೆಕ್ಕ. ನನಗೆ ಈ ಪರೀಕ್ಷೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ.

ದೀರ್ಘಕಾಲ ಬದುಕಿದ 56 ರೋಗಿಗಳ ರೋಗನಿರೋಧಕ ಶಕ್ತಿಯ ಬಗ್ಗೆ ಸಿಯಾಟಲ್ ತಂಡ 1978ರಲ್ಲಿ ವರದಿ ಪ್ರಕಟಿಸಿತು. ದಾನಿಯ ಕೋಶಗಳು ರೋಗಿಯ ದೇಹದ ಮೇಲೆಯೇ ತಿರುಗಿಬೀಳುವ ಜಿವಿಎಚ್‌ಡಿ ತೊಂದರೆ ದೀರ್ಘಕಾಲ ಕಾಡಿದವರಲ್ಲಿ ಈ ಶಕ್ತಿ ಮರಳುವುದು ಬಹಳ ತಡ. ಕಸಿಯಾಗಿ ವರ್ಷಗಳಾದರೂ ಅವರಿಗೆ ಸೋಂಕಿನ ಭಯ ತಪ್ಪದು.

ಡಿಎನ್‌ಸಿಬಿ ಬ್ಯಾಕ್ಟೀರಿಯಾಗಳ ವಂಶವಾಹಿಯನ್ನು ಕೆಡಿಸುತ್ತದೆಂದು ಮುಂದೆ ಗೊತ್ತಾಯಿತು. ಹಾಗಾಗಿ ಈ ಪರೀಕ್ಷೆ ಹಿಂದೆ ಸರಿಯಿತು. ಈಗ ಫ್ಲೋ ಸೈಟೋಮೀಟರ್ ಯಂತ್ರ ಟಿ ಕೋಶಗಳನ್ನು ಬಗೆಬಗೆಯಾಗಿ ಎಣಿಸಿ ಕೊಡುತ್ತದೆ. ಕಲಿಕೆಯನ್ನು ಅಳೆಯಲು ಮಾತ್ರ ಲಸಿಕೆ ಕೊಟ್ಟು ಪ್ರತಿಕಾಯ ಮೂಡಿತೇ ಎಂದು ನೋಡಬೇಕು. ಕಸಿಯಾದವರು ದೊಡ್ಡವರೇ ಆಗಿರಲಿ, ಬಾಲ್ಯದ ಲಸಿಕೆಗಳನ್ನು ಮತ್ತೆ ಮೊದಲಿನಿಂದ ಹಾಕಿಸಿಕೊಳ್ಳಬೇಕಾಗುತ್ತದೆ. ದಡಾರದಂಥ ಜೀವಂತ ಲಸಿಕೆಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಿಸುತ್ತಾರೆ. ಜಿವಿಎಚ್‌ಡಿ ಇದ್ದರೆ ಇನ್ನೂ ಮುಂದಕ್ಕೆ.