ಥ್ರಾಟಲಿನ ರಿಟರ್ನ್ ಸ್ಪ್ರಿಂಗು: ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಅದರ ಜೋಡಣೆ ಮತ್ತು ಇತಿಹಾಸ

ಇತಿಹಾಸದ ಅಭ್ಯಾಸಿಗಳಿಗಾಗಿ ಮೀಸಲಾದ ಈ ಪುಟಗಳಲ್ಲಿ ಮೋಟಾರು ಕಾರಿನ ಸ್ಪ್ರಿಂಗಿಗೇನು ಕೆಲಸವೆಂದು ವಾಚಕರು ಕೇಳಬಹುದು. ಶಾಸನ, ನಾಣ್ಯ, ಕಡತಗಳಂತೆಯೇ ಯಂತ್ರದ ಒಂದು ಬಿಡಿಭಾಗವೂ ತನ್ನ ಕಾಲದ ಜನರ ತಿಳಿವಳಿಕೆಗೂ ಅಜಾಗರೂಕತೆಗೂ ಸಾಕ್ಷಿಯಾಗಬಲ್ಲದೆಂಬುದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ 1960ರ ದಶಕದಲ್ಲಿ ತಯಾರಾದ ಆಟೊಮ್ಯಾಟಿಕ್ ಕಾರುಗಳಲ್ಲಿ ಥ್ರಾಟಲನ್ನು ಮುಚ್ಚುವ ಸ್ಪ್ರಿಂಗುಗಳನ್ನು ಹೇಗೆ ಜೋಡಿಸಬೇಕು, ಆ ಜೋಡಣೆಯ ನಿಯಮಗಳು ಏಕೆ ಹಾಗಿವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಿದ್ದೇವೆ.

ಕಾರ್ಬ್ಯುರೇಟರಿನ ಕೊರಳಿನಲ್ಲಿ ಒಂದು ಅಡ್ಡ ಅಚ್ಚಿನ ಮೇಲೆ ತಿರುಗುವ ತೆಳುವಾದ ಲೋಹದ ಬಿಲ್ಲೆಯಿರುತ್ತದೆ, ಇದೇ ಥ್ರಾಟಲು. ಚಾಲಕನು ಆಕ್ಸಿಲರೇಟರನ್ನು ಒತ್ತಿದಾಗ ಸಲಾಕೆ, ಸನ್ನೆಗಳ ಒಂದು ಸರಣಿಯು ಈ ಬಿಲ್ಲೆಯನ್ನು ತೆರೆಯುತ್ತದೆ. ಗಾಳಿಯೂ ಅದರೊಡನೆ ಪೆಟ್ರೋಲೂ ಎಂಜಿನ್ನಿನೊಳಕ್ಕೆ ಹೋಗುತ್ತವೆ. ಕಾಲನ್ನೆತ್ತಿದಾಗ ಏನಾಗಬೇಕು? ಪೆಡಲನ್ನು ಮೇಲಕ್ಕೆಳೆಯುವ ಸಾಧನ ಚಾಲಕನ ಪಾದಕ್ಕಿಲ್ಲ. ತೆರೆಯುವುದು ಮನುಷ್ಯನ ಕೆಲಸ; ಮುಚ್ಚುವುದು ಸ್ಪ್ರಿಂಗಿನ ಕೆಲಸ. ಎಳೆದಷ್ಟೂ ಅದೇ ಪ್ರಮಾಣದಲ್ಲಿ ಹಿಂದೆಳೆಯುವ ಸ್ಪ್ರಿಂಗಿನ ಗುಣವನ್ನು ರಾಬರ್ಟ್ ಹುಕ್ 1678ರಲ್ಲಿಯೇ ವಿವರಿಸಿ ಪ್ರಕಟಿಸಿದ್ದನು. ಇಲ್ಲಿ ನಾವು ನೆಚ್ಚಿಕೊಳ್ಳುವುದು ಆ ಗುಣವೊಂದನ್ನೇ.

ಆಟೊಮ್ಯಾಟಿಕ್ ಕಾರಿನಲ್ಲಿ ಈ ನೆಚ್ಚಿಕೆಗೆ ಭಾರ ಹೆಚ್ಚು. ಅಂಬಾಸಿಡರ್ ಓಡಿಸಿ ಬಲ್ಲ ನಮ್ಮ ವಾಚಕರಿಗೆ ಕ್ಲಚ್ಚಿನ ಪರಿಚಯವುಂಟು: ಥ್ರಾಟಲು ತೆರೆದೇ ಉಳಿದರೂ ಎಡಗಾಲಿನಿಂದ ಕ್ಲಚ್ಚನ್ನು ಒತ್ತಿದೊಡನೆ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧ ಕಡಿಯುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಆ ಪೆಡಲೇ ಇಲ್ಲ. ಗೇರಿನ ಹಿಡಿಯನ್ನು ನ್ಯೂಟ್ರಲ್ಲಿಗೆ ತಳ್ಳಬೇಕೆಂಬುದು ಗಾಬರಿಯ ಆ ಕ್ಷಣದಲ್ಲಿ ಎಷ್ಟು ಜನರಿಗೆ ಹೊಳೆದೀತು? ಇದಲ್ಲದೆ, ಅಂದಿನ ಕಾರುಗಳ ಪವರ್ ಬ್ರೇಕಿಗೆ ಬಲ ಬರುತ್ತಿದ್ದುದು ಎಂಜಿನ್ನಿನ ನಿರ್ವಾತದಿಂದ. ಥ್ರಾಟಲು ಪೂರ್ತಿ ತೆರೆದಾಗ ಆ ನಿರ್ವಾತ ಕುಗ್ಗುವುದರಿಂದ, ಬ್ರೇಕನ್ನು ನಾಲ್ಕಾರು ಸಲ ಬಿಟ್ಟು ಬಿಟ್ಟು ಒತ್ತಿದರೆ ಆ ನೆರವೂ ಬರಿದಾಗುತ್ತದೆ.

ಕ್ರೈಸ್ಲರ್ ಕಂಪೆನಿಯು ಪ್ಲಿಮತ್, ಡಾಡ್ಜ್ ಮುಂತಾದ ಕಾರುಗಳಿಗೆ ಕೂಡಿಸಿದ ಟಾರ್ಕ್‌ಫ್ಲೈಟ್ ಗೇರ್‌ಪೆಟ್ಟಿಗೆಯಲ್ಲಿ ಇನ್ನೊಂದು ತೊಡಕೂ ಉಂಟು. ಥ್ರಾಟಲು ಎಷ್ಟು ತೆರೆದಿದೆಯೆಂಬುದನ್ನು ಆ ಪೆಟ್ಟಿಗೆಗೆ ತಿಳಿಸಲು ಕಾರ್ಬ್ಯುರೇಟರಿನಿಂದ ಹಿಂದಕ್ಕೆ ಒಂದು ಪ್ರತ್ಯೇಕ ಸಲಾಕೆ ಹೋಗುತ್ತದೆ. ಪೆಟ್ಟಿಗೆಯೊಳಗಿನ ಎಣ್ಣೆಯ ಒತ್ತಡ, ಗೇರು ಬದಲಾಗುವ ವೇಳೆ ಇವೆರಡೂ ಈ ಸಲಾಕೆಯ ಸ್ಥಾನವನ್ನು ಅವಲಂಬಿಸಿವೆ. ಹಲವು ಮಾದರಿಗಳಲ್ಲಿ ಸಲಾಕೆಯ ತುದಿಗೆ ಉದ್ದನೆಯ ಕಂಡಿಯಿದ್ದು, ಕಾರ್ಬ್ಯುರೇಟರಿನ ಗೂಟವು ಅದರೊಳಗೆ ಕುಳಿತಿರುತ್ತದೆ. ಗೂಟಕ್ಕೆ ಸಲಾಕೆ ಸದಾ ತಾಗಿಕೊಂಡಿರುವಂತೆ ಮಾಡಲು ಅದಕ್ಕೂ ಒಂದು ಸ್ಪ್ರಿಂಗು ಬೇಕು. ಆ ಸಲಾಕೆಯನ್ನೇ ಕಳಚಿ ಕಾರನ್ನು ಓಡಿಸುವವರುಂಟು. ಅಂಥ ಕಾರಿನಲ್ಲಿ ಎಣ್ಣೆಯ ಒತ್ತಡ ಸಾಲದೆ ಒಳಗಿನ ಕ್ಲಚ್ ಫಲಕಗಳು ಜಾರಿ ಸುಟ್ಟುಹೋಗುತ್ತವೆ. ಥ್ರಾಟಲಿನ ಸ್ಪ್ರಿಂಗು ಬೇರೆ, ಸಲಾಕೆಯ ಸ್ಪ್ರಿಂಗು ಬೇರೆ. ಒಂದಿದೆಯೆಂದು ಇನ್ನೊಂದನ್ನು ಬಿಡಲಾಗದು.

ಇನ್ನು ಜೋಡಣೆಯ ವಿಚಾರ. ಎಂಜಿನ್ನನ್ನು ನಿಲ್ಲಿಸಿ, ಅದು ಆರಿದ ಮೇಲೆ ಗಾಳಿಶೋಧಕವನ್ನು ತೆಗೆದಿಡಬೇಕು. ಮೊದಲು ಸ್ಪ್ರಿಂಗುಗಳಿಲ್ಲದೆಯೇ ಸನ್ನೆಯನ್ನು ಕೈಯಿಂದ ತಿರುಗಿಸಿ ನೋಡುವುದು ಮೇಲು. ಅಚ್ಚು ಎಲ್ಲಿಯಾದರೂ ಬಿಗಿಯುತ್ತಿದ್ದರೆ ಶುಚಿಮಾಡಬೇಕೇ ಹೊರತು, ಬಲವಾದ ಸ್ಪ್ರಿಂಗು ಹಾಕಿ ಆ ದೋಷವನ್ನು ಮುಚ್ಚಿಡಬಾರದು. ಅತಿ ಬಿಗಿಯಾದ ಸ್ಪ್ರಿಂಗು ಪೆಡಲನ್ನು ಭಾರವಾಗಿಸುವುದಲ್ಲದೆ, ಅಚ್ಚನ್ನು ಸದಾ ಒಂದೇ ಮಗ್ಗುಲಿಗೆ ಎಳೆದು ಅದರ ರಂಧ್ರವನ್ನು ಸವೆಸುತ್ತದೆ. ಸ್ಪ್ರಿಂಗಿನ ಎಳೆತವು ಸನ್ನೆ ತಿರುಗುವ ಸಮತಲದಲ್ಲಿಯೇ ಇರತಕ್ಕದ್ದು. ಓರೆಯಾಗಿ ಎಳೆದರೆ ಬಲದ ಒಂದು ಪಾಲು ಘರ್ಷಣೆಯಲ್ಲಿಯೇ ಕಳೆದುಹೋಗುತ್ತದೆ. ಮುಚ್ಚಿದ ಸ್ಥಿತಿಯಲ್ಲಿಯೂ ಸ್ಪ್ರಿಂಗು ತುಸು ಎಳೆದುಕೊಂಡೇ ಇರಬೇಕು. ಪೂರ್ತಿ ತೆರೆದಾಗ ಅದರ ಸುತ್ತುಗಳು ಹಿಗ್ಗಿ ಶಾಶ್ವತವಾಗಿ ಸಡಿಲಾಗುವಷ್ಟು ಎಳೆಯಲ್ಪಡಬಾರದು. ಕೊಕ್ಕೆಗಳನ್ನು ಇಕ್ಕಳದಿಂದ ಬಿಡಿಸಿ ಮತ್ತೆ ಬಗ್ಗಿಸುವ ಅಭ್ಯಾಸ ಕೆಟ್ಟದ್ದು: ಹೀಗೆ ಬಗ್ಗಿಸಿದ ಕಡೆಯಲ್ಲಿಯೇ ತಂತಿ ಮುಂದೆ ತುಂಡಾಗುವುದು.

ಬಳಿಕ ಗೇರ್‌ಪೆಟ್ಟಿಗೆಯ ಸಲಾಕೆ. ಸಹಾಯಕನೊಬ್ಬನು ಪೆಡಲನ್ನು ತಳದವರೆಗೆ ಒತ್ತಿ ಹಿಡಿದಿರಲು, ಥ್ರಾಟಲು ಪೂರ್ತಿ ತೆರೆಯುವುದೂ ಪೆಟ್ಟಿಗೆಯ ಸನ್ನೆ ತನ್ನ ಕೊನೆಯನ್ನು ಮುಟ್ಟುವುದೂ ಏಕಕಾಲಕ್ಕೆ ಆಗುವಂತೆ ಸಲಾಕೆಯ ಉದ್ದವನ್ನು ಸರಿಪಡಿಸಬೇಕು.

ಸ್ಪ್ರಿಂಗಿನ ಇನ್ನೊಂದು ತುದಿಯನ್ನು ಎಲ್ಲಿ ಸಿಕ್ಕಿಸಬೇಕೆಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಎಂಜಿನ್ನಿಗೆ ಬಿಗಿದ ಬ್ರಾಕೆಟ್ಟಿಗೇ ಸಿಕ್ಕಿಸಬೇಕು, ಕಾರಿನ ಮೈಗಲ್ಲ. ಏಕೆಂದರೆ ಎಂಜಿನ್ ರಬ್ಬರಿನ ಮೌಂಟುಗಳ ಮೇಲೆ ಕುಳಿತು ಸದಾ ಅಲುಗುತ್ತಿರುತ್ತದೆ. ಕಾರಿನ ಮೈ ಅದರೊಡನೆ ಅಲುಗುವುದಿಲ್ಲ. ಈ ಎರಡರ ನಡುವಣ ಚಲನೆ ಎಷ್ಟು ಅಪಾಯಕರವಾಗಬಲ್ಲದೆಂಬುದನ್ನು 1971ರ ಘಟನೆ ತೋರಿಸಿಕೊಟ್ಟಿತು. 1965ರಿಂದ 1969ರವರೆಗಿನ ಷೆವರ್ಲೆ ವಾಹನಗಳಲ್ಲಿ ಮೌಂಟಿನ ರಬ್ಬರು ಲೋಹದಿಂದ ಬೇರ್ಪಡುತ್ತಿತ್ತು. ಆಗ ವೇಗ ಹೆಚ್ಚಿಸಿದೊಡನೆ ಎಂಜಿನ್ನಿನ ಎಡಮಗ್ಗುಲು ಮೇಲಕ್ಕೇಳುವುದು. ಅದರೊಡನೆ ಥ್ರಾಟಲಿನ ಸರಣಿ ಎಳೆಯಲ್ಪಟ್ಟು ಬಿಲ್ಲೆ ಇನ್ನಷ್ಟು ತೆರೆಯುವುದು. ಎಂಜಿನ್ ಇನ್ನಷ್ಟು ಏಳುವುದು. ಚಾಲಕನು ಕಾಲನ್ನೆತ್ತಿದರೂ ಪ್ರಯೋಜನವಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ಸುಮಾರು 67 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಪರಿಹಾರವಾಗಿ ಕೂಡಿಸಿದ್ದು ಎಂಜಿನ್ ಮೇಲೇಳದಂತೆ ತಡೆಯುವ ಒಂದು ಉಕ್ಕಿನ ಕೇಬಲ್ ಮಾತ್ರ.

ಇಂಥ ದೋಷವನ್ನು ಮಾಲಿಕರಿಗೆ ತಿಳಿಸುವುದು ತಯಾರಕರ ಕರ್ತವ್ಯವೆಂದು ವಿಧಿಸಿದ್ದು 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿಮಾಡಿದ ವಾಹನ ಸುರಕ್ಷತಾ ಕಾಯಿದೆ. ಅದರ ಹಿಂದಿನ ವರ್ಷವೇ ರಾಲ್ಫ್ ನೇಡರ್ ಬರೆದ ಪುಸ್ತಕವು ಕಾರು ತಯಾರಕರ ಅಲಕ್ಷ್ಯವನ್ನು ಜನರ ಮುಂದಿಟ್ಟಿತ್ತು. ದೋಷವನ್ನು ಉಚಿತವಾಗಿ ಸರಿಪಡಿಸಿಕೊಡಬೇಕೆಂಬ ಕಟ್ಟಳೆ ಬಂದದ್ದು 1974ರ ತಿದ್ದುಪಡಿಯಿಂದ. ಈ ನಡುವೆ, ಅದೇ ಕಾಯಿದೆಯ ಆಧಾರದ ಮೇಲೆ ರಚಿತವಾದ 124ನೆಯ ಸುರಕ್ಷತಾ ಮಾನದಂಡವು 1973ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಒಂದರ ಬೆನ್ನಿಗೆ ಇನ್ನೊಂದು ಬಂದಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ತೀರ್ಮಾನಿಸುವ ಅವಸರ ಇತಿಹಾಸಕಾರನಿಗೆ ತಕ್ಕದ್ದಲ್ಲ. ಷೆವರ್ಲೆಯ ತೊಂದರೆ ಮೌಂಟಿನದು, ಮಾನದಂಡದ ವಿಷಯ ಥ್ರಾಟಲಿನದು. ಆದರೂ ಎರಡೂ ಎದುರಿಸಿದ್ದು ಒಂದೇ ಭಯವನ್ನು: ಕಾಲೆತ್ತಿದರೂ ನಿಲ್ಲದ ಕಾರು.

ಆ ಮಾನದಂಡದ ತಿರುಳು ಸರಳವಾದದ್ದು. ಥ್ರಾಟಲನ್ನು ಮುಚ್ಚಬಲ್ಲ ಶಕ್ತಿಮೂಲಗಳು ಕನಿಷ್ಠ ಎರಡಿರಬೇಕು. ಒಂದು ಕಡಿದುಹೋದರೆ ಉಳಿದುದೊಂದೇ ಆ ಕೆಲಸವನ್ನು ನಿಗದಿಯಾದ ಅವಧಿಯಲ್ಲಿ ಪೂರೈಸಬೇಕು. ಸಾಧಾರಣ ಕಾರುಗಳಿಗೆ ಆ ಅವಧಿ 1 ಸೆಕೆಂಡು, ಸುಮಾರು 4,500 ಕಿಲೋಗ್ರಾಮಿಗೆ ಮೇಲ್ಪಟ್ಟ ವಾಹನಗಳಿಗೆ 2 ಸೆಕೆಂಡು; ತೀವ್ರವಾದ ಚಳಿಯಲ್ಲಿ 3 ಸೆಕೆಂಡಿಗೆ ಅವಕಾಶವುಂಟು. ಪೆಡಲಿಗೂ ಥ್ರಾಟಲಿಗೂ ನಡುವೆ ಸಲಾಕೆಯಿಲ್ಲದೆ ವಿದ್ಯುತ್ ತಂತಿ ಮಾತ್ರವಿರುವ ಇಂದಿನ ಕಾರುಗಳಲ್ಲಿಯೂ ಸ್ಪ್ರಿಂಗು ತನ್ನ ಸ್ಥಾನವನ್ನು ಉಳಿಸಿಕೊಂಡಿದೆ.

1973ಕ್ಕೆ ಮುಂಚಿನ ಕಾರುಗಳಿಗೆ ಈ ನಿಯಮ ಅನ್ವಯಿಸದಿದ್ದರೂ, ಅವುಗಳನ್ನು ಇಂದು ಓಡಿಸುವವನು ಅದನ್ನು ತಾನಾಗಿಯೇ ಪಾಲಿಸುವುದಕ್ಕೆ ಅಡ್ಡಿಯಿಲ್ಲ. ಪರೀಕ್ಷೆಗೆ ಉಪಕರಣವೇನೂ ಬೇಡ. ಎಂಜಿನ್ ನಿಂತಿರುವಾಗ ಎರಡು ಸ್ಪ್ರಿಂಗುಗಳಲ್ಲಿ ಒಂದರ ಕೊಕ್ಕೆಯನ್ನು ಕಳಚಿ, ಪೆಡಲನ್ನು ತಳಕ್ಕೊತ್ತಿ ಥಟ್ಟನೆ ಬಿಡಬೇಕು. ಬಿಲ್ಲೆ ತಡವರಿಸದೆ ಮುಚ್ಚಿಕೊಳ್ಳಬೇಕು. ಬಳಿಕ ಅದನ್ನು ಸಿಕ್ಕಿಸಿ, ಮತ್ತೊಂದನ್ನು ಕಳಚಿ ಹಾಗೆಯೇ ನೋಡಬೇಕು. ಗಾಳಿಶೋಧಕವನ್ನು ಮರಳಿ ಕೂರಿಸಿ, ಪೆಡಲಿನ ಕೆಳಗಣ ನೆಲಹಾಸನ್ನೂ ಹಾಸಿದ ಮೇಲೆ ಇನ್ನೊಂದು ಸಲ ಪರೀಕ್ಷಿಸತಕ್ಕದ್ದು. ಇವೆರಡೂ ಸರಣಿಗೆ ತಗುಲಿ ಅಡ್ಡಬರುವುದು ಅಪರೂಪವಲ್ಲ.