ಶೋಲಾದ ನೀಲಿ ಹಕ್ಕಿ ಯಾರ ನಂಟ?

ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಬಂದು ಸೇರುವ ಲಕ್ಷ್ಮಣತೀರ್ಥ ಹುಟ್ಟುವುದು ಕೊಡಗಿನ ಬ್ರಹ್ಮಗಿರಿಯಲ್ಲಿ. ಪಶ್ಚಿಮ ಘಟ್ಟದ ಇಂಥ ಎತ್ತರದ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಕೆಗಳಲ್ಲಿ ಗಿಡ್ಡ ಮರಗಳು ಹೆಣೆದುಕೊಂಡ ಶೋಲಾ ಕಾಡು. ಮಂಜು ಮುಸುಕುವ ಈ ಕಾಡಿನ ಎರಡು ಹಕ್ಕಿ ಬಳಗಗಳ ವಂಶ ಬಗೆಹರಿದದ್ದು 2017ರಲ್ಲಿ.

ಹಕ್ಕಿಗಳೇನೂ ಹೊಸವಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಥಾಮಸ್ ಜೆರ್ಡನ್ 1840ರ ದಶಕದಲ್ಲೇ ನೀಲಗಿರಿಯ ನೀಲಿ ಹಕ್ಕಿಯನ್ನು ವರ್ಣಿಸಿದ್ದ. ಬೆನ್ನು, ಎದೆ ಬೂದು ಬೆರೆತ ನೀಲಿ, ಪಕ್ಕೆ ಇಟ್ಟಿಗೆಗೆಂಪು, ಹೊಟ್ಟೆಯ ನಡುವೆ ಬಿಳಿ. ಪೊದೆಯ ಬುಡದ ನಸುಗತ್ತಲಲ್ಲಿ ಕುಪ್ಪಳಿಸುತ್ತ ಹುಳ ಹೆಕ್ಕುವ ಇದು ಕಣ್ಣಿಗೆ ಬೀಳುವ ಮೊದಲೇ ಅದರ ಸಿಳ್ಳೆ ಕಿವಿಗೆ ಬೀಳುತ್ತದೆ. ಪಳನಿ ಬೆಟ್ಟದಲ್ಲಿರುವ ಇದರ ದಾಯಾದಿಗೆ ಪಕ್ಕೆಯ ಕೆಂಪಿಲ್ಲ. ಅದಕ್ಕೆ 1868ರಲ್ಲಿ ನಿಸರ್ಗತಜ್ಞ ಬ್ಲ್ಯಾನ್‌ಫರ್ಡ್ ಹೆಸರಿಟ್ಟ.

ಕಗ್ಗಂಟಾದದ್ದು ನಂಟಸ್ತನ. ಜೆರ್ಡನ್ ನೀಲಗಿರಿಯ ಹಕ್ಕಿಯನ್ನು ರೆಡ್‌ಸ್ಟಾರ್ಟ್‌ಗಳ ಜೊತೆ ಸೇರಿಸಿದ. ಆಮೇಲಿನವರು ಶಾರ್ಟ್‌ವಿಂಗ್‌ಗಳ ಕುಲಕ್ಕೆ ಹಾಕಿದರು. 2005ರಲ್ಲಿ ಮತ್ತೆ ಕುಲ ಬದಲಾಗಿ ನೀಲಿ ರಾಬಿನ್ ಆಯಿತು. ನೆಲದ ಮೇಲೆ, ಕತ್ತಲಲ್ಲಿ ಬದುಕುವ ಹಕ್ಕಿಗಳು ಸಂಬಂಧವಿಲ್ಲದಿದ್ದರೂ ಒಂದರಂತೊಂದು ಕಾಣಬಲ್ಲವು. ರೂಪ ನಂಬಿದವರು ಎಡವಿದ್ದು ಇಲ್ಲಿ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಜೊತೆ ಕೆಲಸ ಮಾಡಿದ ವಿ.ವಿ. ರಾಬಿನ್, ಸಿ.ಕೆ. ವಿಷ್ಣುದಾಸ್, ಅಮೆರಿಕದಲ್ಲಿದ್ದ ಸುಷ್ಮಾ ರೆಡ್ಡಿ ಮೊದಲಾದವರು ರಕ್ತವನ್ನೇ ಕೇಳಲು ಹೊರಟರು. ಬೆಟ್ಟದಿಂದ ಬೆಟ್ಟಕ್ಕೆ ಹೋಗಿ ಪೊದೆಗಳ ನಡುವೆ ನವಿರಾದ ಎಳೆಯ ಬಲೆ ಕಟ್ಟಿದರು. ಬಿದ್ದ ಹಕ್ಕಿಯಿಂದ ಹನಿ ರಕ್ತ ತೆಗೆದು, ಕಾಲಿಗೆ ಉಂಗುರ ತೊಡಿಸಿ ಹಾರಿಬಿಟ್ಟರು. ಡಿಎನ್‌ಎ ಜೊತೆಗೆ ಮೈಬಣ್ಣ, ಅಳತೆ, ಹಾಡುಗಳನ್ನೂ ಹೋಲಿಸಿ ನೋಡಿದರು.

ನೀಲಿ ಹಕ್ಕಿ ಶಾರ್ಟ್‌ವಿಂಗ್ ಆಗಿರಲಿಲ್ಲ. ಅದಕ್ಕೆ ಹತ್ತಿರದ ನೆಂಟರು ನಿಲ್ತವಾ ಮೊದಲಾದ ನೊಣಹಿಡುಕ ಹಕ್ಕಿಗಳು. ಆದರೆ ಅವುಗಳಿಂದಲೂ ಬಹು ಹಿಂದೆಯೇ ಕವಲೊಡೆದಿದ್ದರಿಂದ ಶೋಲಿಕೋಲಾ ಎಂಬ ಹೊಸ ಕುಲವೇ ಬೇಕಾಯಿತು. ಎರಡನೆಯ ಬಳಗವಾದ ಘಟ್ಟದ ಲಾಫಿಂಗ್ ಥ್ರಶ್‌ಗಳಿಗೂ ಮಾಂಟಿಸಿಂಕ್ಲಾ ಎಂಬ ಬೇರೆ ಕುಲ ಸಿಕ್ಕಿತು. ಅದರಲ್ಲೊಂದು ಬಾಣಾಸುರ ಲಾಫಿಂಗ್ ಥ್ರಶ್. ನಮ್ಮ ಬ್ರಹ್ಮಗಿರಿ ಮತ್ತು ಅದರಾಚೆಯ ವಯನಾಡಿನ ಎತ್ತರಗಳನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ.

ಬೆಟ್ಟಗಳ ನಡುವಿನ ತಗ್ಗೇ ಈ ಬಳಗಗಳ ಹಕ್ಕಿಗಳನ್ನು ಒಂದರಿಂದೊಂದು ಬೇರ್ಪಡಿಸಿದೆ. ತಂಪಿಗೆ ಒಗ್ಗಿದ ಹಕ್ಕಿಗೆ ಸುಮಾರು 40 ಕಿಲೋಮೀಟರ್ ಅಗಲದ ಪಾಲಕ್ಕಾಡು ಕಣಿವೆಯ ಬಿಸಿಲುನಾಡು ದಾಟಲಾಗದ ಗೋಡೆ. ದಕ್ಷಿಣದ ಶೆಂಗೋಟೆ ಕಣಿವೆಯೂ ಹಾಗೆಯೇ. ಅದರಾಚೆ ಅಗಸ್ತ್ಯಮಲೆ ಕಡೆಯ ನೀಲಿ ಹಕ್ಕಿ ಬೇರೆಯೇ ಪ್ರಭೇದವೆಂದು ತಿಳಿದದ್ದೂ ಈ ಅಧ್ಯಯನದಲ್ಲೇ. ಅದರ ಹೆಸರು ಶೋಲಿಕೋಲಾ ಅಶಾಂಬುಎನ್ಸಿಸ್.

ಒಂದು ಬೆಟ್ಟದ ಹಕ್ಕಿ ಅಳಿದರೆ ಪಕ್ಕದ ಬೆಟ್ಟದಿಂದ ಬಂದು ತುಂಬುವವರಿಲ್ಲ. ಚಹಾ, ಅಕೇಶಿಯಾ ತೋಟಗಳಿಗೆ ಬಲಿಯಾಗಿ ಉಳಿದಿರುವ ಶೋಲಾ ಕಡಿಮೆ. ಬ್ರಹ್ಮಗಿರಿಯ ಎತ್ತರದ ಕಾಡು ಹಿಡಿದಿಟ್ಟ ಮಳೆಯೇ ತೊರೆಯಾಗಿ ಕನ್ನಂಬಾಡಿಗೆ ಇಳಿಯುತ್ತದೆ. ಅಣೆಕಟ್ಟೆಯ ನೀರಿನ ಮಟ್ಟ ದಿನವೂ ವಿಚಾರಿಸುವ ಮಂಡ್ಯ ಸೀಮೆಯವರು ಶೋಲಾ ಉಳಿಸಿ ಎಂದೂ ಕೇಳಬೇಕು.